ಮನೆಗೂ ಲೋಡಿಗೂ ಒಂದೇ ಸೆಕೆಂಡ್ ಹ್ಯಾಂಡ್ ವ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮದು ಅಡುಗೆ ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಸಣ್ಣ ವ್ಯವಹಾರ. ಇಷ್ಟು ವರ್ಷದಲ್ಲಿ ಮೂರು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದೇನೆ. ಮೊದಲು ಓಮ್ನಿ, ಆಮೇಲೆ ಟಾಟಾ ಏಸ್, ಈಗ ಅದರ ಜೊತೆಗೆ ಮನೆಗೆ ಅಂತ ಒಂದು ಈಕೋ. ಪರಿಚಯದವರು ಗಾಡಿ ನೋಡಲು ಹೊರಟರೆ ನನ್ನನ್ನೂ ಕರೆಯುತ್ತಾರೆ. ದಾರಿಯಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಬೇಕು, ಮಧ್ಯಾಹ್ನ ಲೋಡ್ ಹಾಕಬೇಕು. ಒಂದೇ ಗಾಡಿಯಲ್ಲಿ ಆಗುತ್ತಾ?

ಆಗುತ್ತೆ. ಆದರೆ ಮೊದಲು ಒಂದು ಕೆಲಸ ಮಾಡಿ. ಕಳೆದ ಒಂದು ತಿಂಗಳಲ್ಲಿ ಯಾವ ದಿನ ಎಷ್ಟು ಭಾರ ಸಾಗಿಸಿದಿರಿ ಅಂತ ಕ್ಯಾಲೆಂಡರಿನಲ್ಲಿ ಬರೆಯಿರಿ. ಅಂದಾಜಿಗಿರಲಿ, ಪರವಾಗಿಲ್ಲ. ತುಂಬಾ ಜನ ವರ್ಷದಲ್ಲಿ ಬರುವ ನಾಲ್ಕೈದು ಭಾರದ ದಿನಗಳನ್ನು ತಲೆಯಲ್ಲಿಟ್ಟುಕೊಂಡು ದೊಡ್ಡ ಗಾಡಿ ಕೊಳ್ಳುತ್ತಾರೆ. ಉಳಿದ ದಿನವೆಲ್ಲ ಅದನ್ನು ಖಾಲಿ ಓಡಿಸುತ್ತಾ ಡೀಸೆಲ್ ಸುಡುತ್ತಾರೆ, ಸಂದಿಯಲ್ಲಿ ತಿರುಗಿಸಲು ಒದ್ದಾಡುತ್ತಾರೆ.

ನನ್ನ ಲೆಕ್ಕ ಸರಳ. ತಿಂಗಳಲ್ಲಿ ಎರಡು ಮೂರು ದಿನ ಮಾತ್ರ ಭಾರ ಇದ್ದರೆ ಮನೆಗೆ ಹೊಂದುವ ಐದು ಸೀಟಿನ ಈಕೋ ತರಹದ ಗಾಡಿ ತಗೊಳ್ಳಿ. ಭಾರದ ದಿನ ಒಂದು ಪಿಕಪ್ ಬಾಡಿಗೆಗೆ ಕರೆಯಿರಿ. ವಾರದಲ್ಲಿ ಮೂರು ನಾಲ್ಕು ದಿನ ಲೋಡ್ ಇದ್ದರೆ ಗೂಡ್ಸ್ ಗಾಡಿಯೇ ತಗೊಳ್ಳಿ. ಮನೆಯ ಓಡಾಟಕ್ಕೆ ಬೈಕೋ ಹಳೇ ಸಣ್ಣ ಕಾರೋ ಸಾಕು. ನಾನು ಏಳು ವರ್ಷ ಓಮ್ನಿಯೊಂದರಲ್ಲೇ ಎರಡೂ ಕೆಲಸ ಮಾಡಿದೆ. ಗಾಡಿಗೂ ಕಷ್ಟ ಆಯಿತು, ಮನೆಯವರಿಗೂ ಕಷ್ಟ ಆಯಿತು.

ಓಮ್ನಿ, ಈಕೋ, ಏಸ್, ಬೊಲೆರೊ ಪಿಕಪ್. ಇವುಗಳಲ್ಲಿ ಯಾವುದು?

ಓಮ್ನಿ 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದಿದ್ದು. 796 ಸಿಸಿಯ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್. 2019ರಲ್ಲಿ ತಯಾರಿಕೆ ನಿಂತಿತು. ಈಗ ಸಿಗುವ ಓಮ್ನಿಗಳೆಲ್ಲ ವಯಸ್ಸಾದವು. ಯಾವ ಊರಿನ ಮೇಸ್ತ್ರಿಯಾದರೂ ಕಣ್ಣುಮುಚ್ಚಿ ರಿಪೇರಿ ಮಾಡುತ್ತಾನೆ, ಪಾರ್ಟ್ಸ್ ಅಗ್ಗ. ಜಾರುವ ಬಾಗಿಲು ಇರುವುದರಿಂದ ಇಕ್ಕಟ್ಟಿನ ರಸ್ತೆಯಲ್ಲೂ ಪಕ್ಕದಿಂದ ಸಾಮಾನು ಇಳಿಸಬಹುದು. ಆದರೆ ಏರಿನಲ್ಲಿ ಲೋಡ್ ಜೊತೆ ಪುಲ್ಲಿಂಗ್ ಕಡಿಮೆ. ಈಗ ಹೊಸದಾಗಿ ಕೊಳ್ಳುವವರಿಗೆ ನಾನು ಓಮ್ನಿ ಹೇಳುವುದಿಲ್ಲ. ತಯಾರಿಕೆಯ ಕೊನೇ ವರ್ಷಗಳದ್ದು, ಒಬ್ಬರೇ ಇಟ್ಟುಕೊಂಡಿದ್ದು ಸಿಕ್ಕರೆ ಮಾತ್ರ ನೋಡಿ.

ಈಕೋ 2010ರಲ್ಲಿ ಬಂತು. 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. 2022ರ ಕೊನೆಯಲ್ಲಿ ಎಂಜಿನ್ ಬದಲಾಯಿತು. ಹಳೇ ಎಂಜಿನ್ನೂ ಗಟ್ಟಿಯಾದದ್ದೇ, ಹೆದರಬೇಡಿ. ಮನೆಗೂ ಲೋಡಿಗೂ ನಡುವೆ ನಿಲ್ಲುವ ಗಾಡಿ ಅಂದರೆ ಇದೇ. ಐದು ಸೀಟು, ಏಳು ಸೀಟು, ಕಾರ್ಗೋ ಅಂತ ಬೇರೆ ಬೇರೆ ಮಾದರಿ ಸಿಗುತ್ತವೆ. ಕಾರ್ಗೋದಲ್ಲಿ ಹಿಂದೆ ಸೀಟೇ ಇರುವುದಿಲ್ಲ.

ಟಾಟಾ ಏಸ್ 2005ರಲ್ಲಿ ಬಂತು. ಮೊದಲ ಏಸ್‌ನಲ್ಲಿ 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್. ಮುಕ್ಕಾಲು ಟನ್ ವರ್ಗದ ಗಾಡಿ. ತೆರೆದ ಟ್ರೇ ಇರುವುದರಿಂದ ಶಾಮಿಯಾನದ ಕಂಬ, ಪೈಪು, ಬೀರು ಎಲ್ಲವನ್ನೂ ಹಾಕಬಹುದು. ಆದರೆ ಕ್ಯಾಬಿನ್ನಲ್ಲಿ ಚಾಲಕ ಮತ್ತು ಇನ್ನೊಬ್ಬರಿಗೆ ಮಾತ್ರ ಜಾಗ. ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನೆಂಟರ ಮನೆಗೆ ಹೋಗುವ ಗಾಡಿ ಅದಲ್ಲ. ಮಾರುತಿಯ ಸೂಪರ್ ಕ್ಯಾರಿ ಕೂಡ ಇದೇ ಅಳತೆಯದ್ದು, 2016ರಿಂದ ಇದೆ.

ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಟನ್‌ಗಿಂತ ಮೇಲೆ ಹೊರುವವು. ಕಲ್ಲು, ಸಿಮೆಂಟು, ತರಕಾರಿ ಮಂಡಿ ಕೆಲಸಕ್ಕೆ ಇವೇ ಸರಿ. ದಿನದ ಓಡಾಟಕ್ಕೆ ಮಾತ್ರ ಯೋಚಿಸಬೇಡಿ. ಖಾಲಿ ಇದ್ದಾಗ ಹಿಂದಿನ ಬ್ಲೇಡುಗಳು, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳು, ಬಗ್ಗುವುದೇ ಇಲ್ಲ. ಪ್ರತಿ ಹಂಪ್ ಸೊಂಟಕ್ಕೇ ಬಡಿಯುತ್ತೆ.

ಒಂದು ಗಾಡಿಗೆ ನಿಜವಾಗಿ ಎಷ್ಟು ಭಾರ ಹಾಕಬಹುದು? ಮಾರುವವರು "ಒಂದು ಟನ್ ಎಳೆಯುತ್ತೆ ಸಾರ್" ಅನ್ನುತ್ತಾರೆ.

ಮಾರುವವರ ಮಾತು ಬಿಡಿ, ಆರ್‌ಸಿ ತೆಗೆಸಿ ನೋಡಿ. ಅದರಲ್ಲಿ ಖಾಲಿ ತೂಕ ಮತ್ತು ಲೋಡ್ ಸೇರಿದ ಒಟ್ಟು ತೂಕ ಎರಡೂ ಇರುತ್ತವೆ. ಎರಡರ ವ್ಯತ್ಯಾಸವೇ ನೀವು ಹಾಕಬಹುದಾದ ಭಾರ. ಈ ಭಾರದಲ್ಲಿ ಗಾಡಿಯಲ್ಲಿ ಕೂರುವ ಜನರೂ ಸೇರುತ್ತಾರೆ. ಇದನ್ನು ತುಂಬಾ ಜನ ಮರೆಯುತ್ತಾರೆ.

ಒಂದು ಉದಾಹರಣೆ. ಆರ್‌ಸಿಯಲ್ಲಿ ಖಾಲಿ ತೂಕ 940 ಕೆಜಿ, ಒಟ್ಟು ತೂಕ 1510 ಕೆಜಿ ಅಂತ ಇದೆ ಅನ್ನಿ. ವ್ಯತ್ಯಾಸ 570 ಕೆಜಿ. ನೀವು ಮತ್ತು ಒಬ್ಬ ಹುಡುಗ ಸೇರಿ 140 ಕೆಜಿ ಇದ್ದರೆ ಸಾಮಾನಿಗೆ ಉಳಿಯುವುದು 430 ಕೆಜಿ. ಈಗ ಮದುವೆ ಮನೆಗೆ ಕುಡಿಯುವ ನೀರಿನ 20 ಲೀಟರಿನ ಕ್ಯಾನ್ ತುಂಬಬೇಕು ಅನ್ನಿ. ನೀರೇ 20 ಕೆಜಿ, ಕ್ಯಾನಿನ ತೂಕ ಬೇರೆ. ಇಪ್ಪತ್ತು ಕ್ಯಾನ್ ಹಾಕಿದರೆ ಮುಗಿಯಿತು. ನೋಡಿದರೆ ಹಿಂದೆ ಇನ್ನೂ ಅರ್ಧ ಜಾಗ ಖಾಲಿ ಇರುತ್ತೆ. ನಾನು ಮೊದಮೊದಲು ಜಾಗ ತುಂಬುವವರೆಗೆ ಹಾಕುತ್ತಿದ್ದೆ. ಕುರ್ಚಿಗಾದರೆ ಆ ಲೆಕ್ಕ ನಡೆಯುತ್ತೆ. ನೀರು, ಅಕ್ಕಿ, ಟೈಲ್ಸ್, ಸಿಮೆಂಟಿಗೆ ನಡೆಯುವುದಿಲ್ಲ. ಸಿಮೆಂಟ್ ಚೀಲ 50 ಕೆಜಿ. ಎಂಟು ಚೀಲ ನೋಡಲು ಎಷ್ಟು ಸಣ್ಣ ಗುಡ್ಡೆ ಅಲ್ವಾ? ಅದು 400 ಕೆಜಿ.

ಅನುಮಾನ ಇದ್ದರೆ ಒಂದು ಸಲ ಲೋಡ್ ಹಾಕಿಕೊಂಡು ತೂಕದ ಕಾಟಾ ಮೇಲೆ ಗಾಡಿ ನಿಲ್ಲಿಸಿ. ಚೀಟಿ ಕೊಡುತ್ತಾರೆ. ಸ್ವಲ್ಪ ದುಡ್ಡಿನಲ್ಲಿ ಅನುಮಾನ ಪರಿಹಾರ. 2019ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚಿನ ಭಾರ ಇಳಿಸುವ ಖರ್ಚೂ ನಮ್ಮದೇ.

ಹಿಂದೆ ಎರಡು ಬ್ಲೇಡ್ ಜಾಸ್ತಿ ಹಾಕಿಸಿದರೆ ಜಾಸ್ತಿ ಲೋಡ್ ಹಾಕಬಹುದಲ್ವಾ?

ಇಲ್ಲ. ಬ್ಲೇಡ್ ಜಾಸ್ತಿ ಆದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ಅಷ್ಟೇ. ಬ್ರೇಕ್ ಅದೇ, ಟೈರ್ ಅದೇ, ವೀಲ್ ಬೇರಿಂಗ್ ಅದೇ, ಹಿಂದಿನ ಆಕ್ಸಲ್ ಹೌಸಿಂಗ್ ಅದೇ. ಮೊದಲಾದರೆ ಬ್ಲೇಡ್ ಕುಸಿದು "ಸಾಕು" ಅಂತ ನಿಮಗೆ ತೋರಿಸುತ್ತಿತ್ತು. ಈಗ ಅದೂ ತೋರಿಸುವುದಿಲ್ಲ. ಕೊಳ್ಳಲು ಹೋದ ಗಾಡಿಯಲ್ಲಿ ಬ್ಲೇಡ್ ಜಾಸ್ತಿ ಹಾಕಿದ್ದು ಕಂಡರೆ, ಆ ಗಾಡಿ ಇಷ್ಟು ದಿನ ಏನು ಅನುಭವಿಸಿದೆ ಅಂತ ಅದೇ ಹೇಳುತ್ತಿದೆ. ನಾನಾದರೆ ಅಲ್ಲಿಂದಲೇ ವಾಪಸ್ ಬರುತ್ತೇನೆ.

ಗಾಡಿ ಮೊದಲು ಏನು ಕೆಲಸ ಮಾಡಿದೆ ಅಂತ ಹೇಗೆ ಗೊತ್ತಾಗುತ್ತೆ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಯಾವ ವರ್ಷದ ಗಾಡಿ ಅನ್ನುವುದಕ್ಕಿಂತ ಏನು ಹೊತ್ತ ಗಾಡಿ ಅನ್ನುವುದು ನನಗೆ ಮುಖ್ಯ. ಹೊತ್ತ ಭಾರ ಗಾಡಿಯ ಮೈಮೇಲೆ ಉಳಿದಿರುತ್ತೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹತ್ತು ಹೆಜ್ಜೆ ಹಿಂದೆ ಬನ್ನಿ. ಹಿಂಭಾಗ ಒಂದು ಕಡೆ ವಾಲಿದೆಯೇ? ಹಿಂದಿನ ಎರಡೂ ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಕೈ ಇಟ್ಟು ಅಳೆಯಿರಿ. ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ಎರಡು ಬೆರಳು ಅಂದರೆ ಒಂದು ಕಡೆಯ ಸ್ಪ್ರಿಂಗ್ ಸತ್ತಿದೆ. ಆಮೇಲೆ ಕೆಳಗೆ ಒಂದು ಗೋಣಿಚೀಲ ಹಾಸಿಕೊಂಡು ಮಲಗಿ, ಮೊಬೈಲ್ ಟಾರ್ಚ್ ಬಿಡಿ. ಓಮ್ನಿ, ಏಸ್‌ನಲ್ಲಿ ಹಿಂದೆ ಬ್ಲೇಡುಗಳಿರುತ್ತವೆ. ಯಾವುದಾದರೂ ತುಂಡಾಗಿದೆಯೇ, ಒಂದು ಮಾತ್ರ ಹೊಸದಾಗಿ ಹೊಳೆಯುತ್ತಿದೆಯೇ ನೋಡಿ. ಈಕೋದಲ್ಲಿ ಹಿಂದೆ ಕಾಯಿಲ್ ಸ್ಪ್ರಿಂಗ್. ಅಲ್ಲಿ ರಬ್ಬರ್ ಸ್ಟಾಪರ್ ನೋಡಿ. ಅದು ಚಪ್ಪಟೆಯಾಗಿದ್ದರೆ, ಹರಿದಿದ್ದರೆ, ಗಾಡಿ ದಿನಾ ಮಿತಿ ಮೀರಿ ಹೊತ್ತಿದೆ. ಚಾಸಿಯ (ಗಾಡಿಯ ಕೆಳಗಿನ ಚೌಕಟ್ಟಿನ) ಉದ್ದಕ್ಕೂ ವೆಲ್ಡಿಂಗ್ ಗುರುತು ಹುಡುಕಿ. ಹಿಂದಿನ ಆಕ್ಸಲ್ ಹತ್ತಿರ ಪಟ್ಟಿ ಬೆಸೆದಿದ್ದರೆ ಆ ಗಾಡಿ ಬೇಡ. ಹಳೇ ಗಾಡಿಯ ಕೆಳಭಾಗ ಮಾತ್ರ ಹೊಸ ಕಪ್ಪು ಪೇಂಟಿನಿಂದ ಫಳಫಳ ಅನ್ನುತ್ತಿದ್ದರೂ ಅನುಮಾನ ಪಡಿ.

ಒಳಗೆ ಲೋಡ್ ಇಡುವ ನೆಲ ನೋಡಿ. ಪೆಟ್ಟಿಗೆ ಜಾರಿಸಿದ ಗೀರು ಸಾಮಾನ್ಯ. ತಗಡು ಗುಳಿ ಬಿದ್ದಿದ್ದರೆ ಕಲ್ಲು, ಕಬ್ಬಿಣದ ಕೆಲಸ ಆಗಿದೆ. ಮೂಲೆಯಲ್ಲಿ ಬೂದು ಪುಡಿ ಗಟ್ಟಿಯಾಗಿ ಕೂತಿದ್ದರೆ ಸಿಮೆಂಟು. ಬಾಗಿಲು ಮುಚ್ಚಿ ಐದು ನಿಮಿಷ ಬಿಟ್ಟು ತೆಗೆದು ಮೂಸಿ ನೋಡಿ. ಮೀನಿನ ವಾಸನೆ ಎಷ್ಟು ಪರ್ಫ್ಯೂಮ್ ಹಾಕಿದರೂ ಹೋಗುವುದಿಲ್ಲ. ಮೀನಿನ ಗಾಡಿಯಲ್ಲಿ ವಾಸನೆಗಿಂತ ದೊಡ್ಡ ತೊಂದರೆ ಐಸ್ ಕರಗಿ ಸೋರಿದ ಉಪ್ಪುನೀರು. ಅದು ನೆಲವನ್ನು ಒಳಗಿನಿಂದ ತಿನ್ನುತ್ತೆ.

ಯಾವ ಕೆಲಸ ಮಾಡಿದ ಗಾಡಿ ಒಳ್ಳೆಯದು ಅಂತ ಕೇಳಿದರೆ: ಬೇಕರಿ, ಹೂವು, ಬಟ್ಟೆ, ಔಷಧಿ ಸಾಗಿಸಿದವು ಮೊದಲು. ಭಾರ ಕಡಿಮೆ, ಒಳಗೆ ಒಣಗಿರುತ್ತೆ. ಶಾಲೆ ಮಕ್ಕಳ ವ್ಯಾನ್ ಕೂಡ ಪರವಾಗಿಲ್ಲ. ಕೊರಿಯರ್ ಕೆಲಸದ ಗಾಡಿಗೆ ಭಾರ ಕಡಿಮೆ, ಆದರೆ ದಿನಕ್ಕೆ ನೂರು ಸಲ ನಿಂತು ಹೊರಟಿರುತ್ತೆ. ಅದರಲ್ಲಿ ಕ್ಲಚ್, ಸ್ಟಾರ್ಟರ್, ಬಾಗಿಲಿನ ಜಾರುಪಟ್ಟಿ ಸವೆದಿರುತ್ತವೆ. ಇವೆಲ್ಲ ಬದಲಾಯಿಸಬಹುದಾದವು. ಚಾಸಿ ಬದಲಾಯಿಸಲು ಆಗುವುದಿಲ್ಲ.

ತುಕ್ಕು ಎಷ್ಟಿದ್ದರೆ ಬೇಡ?

ಹೊರಗೆ ಕಾಣುವ ತುಕ್ಕು ಅಷ್ಟು ಮುಖ್ಯ ಅಲ್ಲ. ಮ್ಯಾಟ್ ಕೆಳಗೆ ಇರುವುದು ಮುಖ್ಯ.

ನನ್ನ ಓಮ್ನಿ ಕತೆ ಹೇಳುತ್ತೇನೆ. ಕರಾವಳಿಯ ಕಡೆಯಿಂದ ಬಂದ ಗಾಡಿ. ಹೊಸ ಪೇಂಟ್, ಹೊಸ ಸೀಟ್ ಕವರ್, ನೆಲಕ್ಕೆ ಹೊಸ ರಬ್ಬರ್ ಮ್ಯಾಟ್. ನಾನು ಮ್ಯಾಟ್ ಎತ್ತಿ ನೋಡಲಿಲ್ಲ. ಮೊದಲ ಮಳೆಗಾಲದಲ್ಲಿ ಸಕಲೇಶಪುರದ ಕಡೆ ಹೋಗುವಾಗ ನನ್ನ ಮಗಳು "ಅಪ್ಪಾ, ಕಾಲಿಗೆ ನೀರು ಹಾರುತ್ತಿದೆ" ಅಂದಳು. ಗಾಡಿ ನಿಲ್ಲಿಸಿ ಮ್ಯಾಟ್ ಎತ್ತಿದೆ. ಮುಂಗೈ ಅಗಲದ ತೂತು. ಅದರ ಮೇಲೆ ಒಂದು ತಗಡಿನ ತುಂಡು ಇಟ್ಟು ಟಾರ್ ಬಳಿದಿದ್ದರು. ಬೆರಳಿನಿಂದ ಒತ್ತಿದರೆ ಸುತ್ತಲಿನ ತಗಡೂ ಹಪ್ಪಳದ ಹಾಗೆ ಮುರಿಯಿತು. ಕೆಳಗೆ ರಸ್ತೆ ಕಾಣುತ್ತಿತ್ತು. ಆ ತೂತಿನ ಮೇಲೆ ಮಗಳನ್ನು ಕೂರಿಸಿಕೊಂಡು ಎರಡು ತಿಂಗಳು ಓಡಾಡಿದ್ದೆ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತೆ. ನಮ್ಮ ಮೇಸ್ತ್ರಿ ಒಂದೇ ಮಾತು ಹೇಳಿದರು: "ಅಣ್ಣಾ, ದುಡ್ಡು ಕೊಡೋ ಮುಂಚೆ ಒಂದು ಸಲ ನನ್ನ ಹತ್ರ ತರಬಾರದಿತ್ತಾ?" ಪೂರ್ತಿ ನೆಲ ಬದಲಾಯಿಸಿ ಟಿಂಕರಿಂಗ್ ಮಾಡಿಸಲು ಮೂರು ವಾರ ಹಿಡಿಯಿತು. ಮದುವೆ ಸೀಸನ್ ಬೇರೆ.

ಅದಕ್ಕೇ ಹೇಳುವುದು, ಮ್ಯಾಟ್ ಎತ್ತಿ. ಮಾರುವವರು ಬೇಡ ಅಂದರೆ ಗಾಡಿಯನ್ನೇ ಬಿಟ್ಟುಬಿಡಿ. ಸ್ಕ್ರೂಡ್ರೈವರ್ ಹಿಡಿಯಿಂದ ನೆಲವನ್ನು ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತೆ, ಕೊಳೆತದ್ದು ಬದ್ ಅನ್ನುತ್ತೆ. ಜಾರುವ ಬಾಗಿಲಿನ ಕೆಳಗಿನ ಪಟ್ಟಿ, ಸೀಟ್ ಬೆಲ್ಟ್ ಬೋಲ್ಟ್ ಕೂತ ಜಾಗ, ಸ್ಪ್ರಿಂಗ್ ಚಾಸಿಗೆ ಸೇರುವ ಜಾಗ, ಈ ಮೂರರಲ್ಲಿ ಕೊಳೆತ ಇದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಟೆಸ್ಟ್ ಡ್ರೈವ್ ಹೇಗೆ ಮಾಡಬೇಕು?

ಬೆಳಿಗ್ಗೆ ಹೋಗಿ. ಎಂಜಿನ್ ತಣ್ಣಗಿರಬೇಕು, ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿ. ಓಮ್ನಿ, ಈಕೋದಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುತ್ತೆ. ಸೀಟ್ ಎತ್ತಿ ಆಯಿಲ್ ನೋಡಿ, ಸುತ್ತ ಸೋರಿದ ಜಿಡ್ಡು ಇದೆಯಾ ನೋಡಿ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಇದ್ದರೆ ನೀರು ಬೆರೆತಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ, ಎಂಜಿನ್ ಬೋರಿಗೆ, ಅಂದರೆ ಸಿಲಿಂಡರ್ ಕೊರೆಸುವ ದೊಡ್ಡ ರಿಪೇರಿಗೆ, ಬಂದಿದೆ ಅನ್ನಿ.

ಆಮೇಲಿನದ್ದನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ: ಲೋಡ್ ಹಾಕಿಯೇ ಓಡಿಸಿ. ಖಾಲಿ ಗಾಡಿ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ನಾನು ಏಸ್ ಕೊಳ್ಳುವಾಗ ಪರಿಚಯದ ಸಿಮೆಂಟ್ ಅಂಗಡಿಯಿಂದ ಹತ್ತು ಚೀಲ ಹಾಕಿಸಿಕೊಂಡೆ. ಮಾರುವವರಿಗೆ ಮೊದಲೇ ಹೇಳಿದ್ದೆ. ಹತ್ತಿರದ ಒಂದು ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮತ್ತೆ ಹೊರಟೆ. ಕ್ಲಚ್ ಸುಟ್ಟ ವಾಸನೆ ಬಂದರೆ, ಎಂಜಿನ್ ಕೂಗಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಹ್ಯಾಂಡ್‌ಬ್ರೇಕ್ ಹಿಡಿಯುತ್ತಾ ಅಂತಲೂ ಅಲ್ಲೇ ಗೊತ್ತಾಗುತ್ತೆ.

ಕಿವಿಯಿಂದ ಎರಡು ವಿಷಯ ಹಿಡಿಯಿರಿ. ಮುಂದೆ ಹೋಗಿ ರಿವರ್ಸ್ ಹಾಕುವಾಗ ಕೆಳಗೆ "ಟಕ್" ಅಂದರೆ ಕ್ರಾಸ್ ಬೇರಿಂಗ್ ಸವೆದಿದೆ. ಅದು ಸಣ್ಣ ಖರ್ಚು. ಐವತ್ತರ ವೇಗದಲ್ಲಿ ಹಿಂದಿನಿಂದ "ಗೂಂ" ಅಂತ ಸದ್ದು ಬಂದು, ಆಕ್ಸಿಲರೇಟರ್ ಬಿಟ್ಟಾಗ ಸದ್ದು ಬದಲಾದರೆ ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ ಗೇರು ಸವೆದ ಕತೆ. ಅದು ದೊಡ್ಡ ಖರ್ಚು. ರೇಡಿಯೋ ಹಾಕಿ ಮಾತಾಡುತ್ತಾ ಗಮನ ಬೇರೆ ಕಡೆ ಎಳೆಯುವವರಿದ್ದಾರೆ. ನಯವಾಗಿ ಆಫ್ ಮಾಡಿ.

ಮೀಟರ್ ಓದಿದ್ದನ್ನು ನಂಬಬಹುದಾ?

ಮೀಟರ್ ತಿರುಗಿಸುವುದು ಕಷ್ಟದ ಕೆಲಸ ಅಲ್ಲ. ಕ್ಲಚ್ ಪೆಡಲ್ ರಬ್ಬರ್, ಸ್ಟೀರಿಂಗ್ ಹಿಡಿಯುವ ಜಾಗ, ಚಾಲಕನ ಸೀಟಿನ ಅಂಚು ನೋಡಿ. ಮೀಟರ್ 40,000 ಅನ್ನುತ್ತಿದ್ದು ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ. ಸರ್ವಿಸ್ ಬಿಲ್, ಹಳೇ ಇನ್ಶೂರೆನ್ಸ್ ಕಾಗದ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 3219 ಅಂದರೆ 2019ರ 32ನೇ ವಾರದಲ್ಲಿ ತಯಾರಾಗಿದ್ದು. ಹೂವು (ಟೈರಿನ ಮೇಲಿನ ಗೆರೆ) ಚೆನ್ನಾಗಿದ್ದರೂ ಹಳೇ ಟೈರ್ ಲೋಡಿನಲ್ಲಿ ಒಡೆಯುತ್ತೆ. ಸ್ಟೆಪ್ನಿಯನ್ನೂ ನೋಡಿ.

ಪೆಟ್ರೋಲ್, ಡೀಸೆಲ್, ಸಿಎನ್‌ಜಿ?

ದಿನಕ್ಕೆ ಐದತ್ತು ಕಿಲೋಮೀಟರ್ ಊರೊಳಗೇ ಓಡಾಟ ಇದ್ದರೆ ಪೆಟ್ರೋಲ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಭಾಗಗಳು ಜಾಸ್ತಿ. ಅವುಗಳಲ್ಲಿ ಫಿಲ್ಟರ್ ಇರುವ ಗಾಡಿ ಬರೀ ಸಣ್ಣ ಸಣ್ಣ ಓಟ ಓಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ದೂರದ ಓಟ, ಭಾರದ ಲೋಡ್ ಇದ್ದರೆ ಡೀಸೆಲ್ ಸರಿ.

ಸಿಎನ್‌ಜಿ ಖರ್ಚು ಕಡಿಮೆ. ಹೊಸ ಎಂಜಿನ್ನಿನ ಈಕೋಗೆ ಪೆಟ್ರೋಲ್‌ನಲ್ಲಿ ಲೀಟರಿಗೆ 19.71, ಸಿಎನ್‌ಜಿಯಲ್ಲಿ ಕೆಜಿಗೆ 26.78 ಕಿಲೋಮೀಟರ್ ಅಂತ ಕಂಪನಿ ಹೇಳಿತ್ತು. ಲೋಡ್ ಜೊತೆ ಅಷ್ಟು ಬರುವುದಿಲ್ಲ, ಆದರೆ ವ್ಯತ್ಯಾಸ ಉಳಿಯುತ್ತೆ. ಸಿಲಿಂಡರ್ ಜಾಗ ತಿನ್ನುತ್ತೆ, ಅದರ ತೂಕವೂ ಇದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿಗೆ ಒತ್ತಡ ಪರೀಕ್ಷೆ ಕಡ್ಡಾಯ. ಕೊನೆಯ ಪರೀಕ್ಷೆಯ ಸರ್ಟಿಫಿಕೇಟ್ ಕೇಳಿ. ಕಿಟ್ ಆರ್‌ಸಿಯಲ್ಲಿ ನಮೂದಾಗಿರಬೇಕು. ಅಡುಗೆ ಸಿಲಿಂಡರಿನಲ್ಲಿ ಓಡಿಸಲು ಪೈಪ್ ಮಾಡಿಟ್ಟ ಗಾಡಿಗಳು ಇನ್ನೂ ಅಲ್ಲಲ್ಲಿ ಇವೆ. ಅದರ ಹತ್ತಿರವೂ ಹೋಗಬೇಡಿ. ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ವೈಟ್ ಬೋರ್ಡ್ ಈಕೋದಲ್ಲಿ ಅಂಗಡಿ ಸರಕು ಹಾಕಬಹುದಾ? ಎಲ್ಲರೂ ಹಾಕುತ್ತಾರಲ್ಲ.

ಹಾಕುತ್ತಾರೆ ನಿಜ. ತೋಟದಿಂದ ಮನೆಗೆ ಎರಡು ಚೀಲ ಕಾಯಿ ತರುವುದು ಬೇರೆ, ದಿನಾ ವ್ಯಾಪಾರದ ಸರಕು ಸಾಗಿಸುವುದು ಬೇರೆ. ಕಾಯ್ದೆಯಲ್ಲಿ ಸರಕಿಗೆ ಅಂತ ತಯಾರಾಗದ ಗಾಡಿಯನ್ನೂ ಸರಕು ಸಾಗಿಸಲು ಬಳಸಿದರೆ ಅದು ಗೂಡ್ಸ್ ಗಾಡಿಯ ಲೆಕ್ಕಕ್ಕೇ ಬರುತ್ತೆ. ಪೊಲೀಸರ ದಂಡ ಒಂದು ಕಡೆ ಇರಲಿ, ನನಗೆ ಹೆದರಿಕೆ ಇನ್ಶೂರೆನ್ಸಿನದ್ದು. ಖಾಸಗಿ ಕಾರಿನ ಪಾಲಿಸಿ ತೆಗೆದು ಬಳಕೆಯ ಮಿತಿ ಅನ್ನುವ ಭಾಗ ಓದಿ. ಸ್ವಂತ ಲಗೇಜ್, ಸ್ಯಾಂಪಲ್ ಬಿಟ್ಟು ಬೇರೆ ಸರಕು ಸಾಗಿಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಇರುತ್ತೆ. ಲೋಡ್ ಇದ್ದಾಗಲೇ ಅಪಘಾತ ಆದರೆ ಗತಿ ಏನು? ವ್ಯಾಪಾರಕ್ಕೆ ದಿನಾ ಬೇಕು ಅಂದರೆ ಗೂಡ್ಸ್ ನೋಂದಣಿ ಇರುವ ಕಾರ್ಗೋ ಅಥವಾ ಏಸ್ ತಗೊಳ್ಳಿ. ಸೀಟು ಕಿತ್ತು ಕಾರ್ಗೋ ಮಾಡುವುದೂ ಬೇಡ, ಆರ್‌ಟಿಒ ಅನುಮತಿ ಇಲ್ಲದೆ ಗಾಡಿಯ ರೂಪ ಬದಲಿಸುವಂತಿಲ್ಲ. ಹಾಗೆಯೇ ಗೂಡ್ಸ್ ಗಾಡಿಯ ಟ್ರೇನಲ್ಲಿ ಜನರನ್ನು ಕೂರಿಸಬೇಡಿ, ಜಾತ್ರೆಗಾದರೂ ಸರಿ.

ಯೆಲ್ಲೋ ಬೋರ್ಡ್ ಅಂದರೆ ಪರ್ಮಿಟ್, ಬ್ಯಾಡ್ಜ್ ಎಲ್ಲ ಬೇಕಲ್ವಾ?

ಜನ ಅಂದುಕೊಂಡಷ್ಟು ಇಲ್ಲ. ಒಟ್ಟು ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ ಅಂತ ಕಾಯ್ದೆಯಲ್ಲೇ ಇದೆ. ಏಸ್, ಕಾರ್ಗೋ ಈಕೋ ಎಲ್ಲ ಇದರೊಳಗೆ ಬರುತ್ತವೆ. ಲೈಸೆನ್ಸ್ ವಿಷಯದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು 2024ರ ನವೆಂಬರ್‌ನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಎಲ್‌ಎಂವಿ (ಹಗುರ ಮೋಟಾರು ವಾಹನದ) ಲೈಸೆನ್ಸ್ ಇರುವವರು ಒಟ್ಟು ತೂಕ 7,500 ಕೆಜಿ ಒಳಗಿನ ಸಾರಿಗೆ ಗಾಡಿ ಓಡಿಸಬಹುದು, ಬೇರೆ ಅನುಮತಿ ಬೇಕಿಲ್ಲ.

ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾತ್ರ ಬೇಕೇ ಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. "ಎಫ್‌ಸಿ ನೀವೇ ಮಾಡಿಸಿಕೊಳ್ಳಿ, ಅದಕ್ಕೇ ರೇಟ್ ಕಡಿಮೆ" ಅಂದರೆ ಆ ಗಾಡಿ ಎಫ್‌ಸಿಯಲ್ಲಿ ಪಾಸ್ ಆಗುವ ಸ್ಥಿತಿಯಲ್ಲಿ ಇಲ್ಲ ಅಂತಲೇ ತಿಳಿಯಿರಿ. ಮಾಡಿಸಿ ಕೊಡಿ, ಆಮೇಲೆ ದುಡ್ಡು ಕೊಡುತ್ತೇನೆ ಅನ್ನಿ.

ಕಾಗದಪತ್ರದಲ್ಲಿ ಏನೇನು ನೋಡಬೇಕು?

ಗಾಡಿ ನಂಬರನ್ನು ಮೊಬೈಲಿನ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಫ್‌ಸಿ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ, ಸಾಲ ಇದೆಯಾ ಎಲ್ಲ ಬರುತ್ತೆ. ಬಾಕಿ ಇರುವ ದಂಡವನ್ನೂ ನೋಡಿ, ಅದು ನಿಮ್ಮ ತಲೆಗೆ ಬರಬಾರದು. ಚಾಸಿ ನಂಬರನ್ನು ಗಾಡಿಯ ಮೇಲೇ ಓದಿ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಸಾಲ ಇದ್ದರೆ ಅದು ತೀರಿತು ಅನ್ನುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರಂ 29 ಮತ್ತು 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ವೈಟ್ ಬೋರ್ಡ್ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಕಾರಿನ ರಿನ್ಯೂವಲ್ ಶುಲ್ಕ 2022ರ ಏಪ್ರಿಲ್‌ನಲ್ಲೇ 600ರಿಂದ 5,000 ರೂಪಾಯಿಗೆ ಏರಿತು. 14 ವರ್ಷದ ಗಾಡಿ ಅಗ್ಗ ಅಂತ ಕೊಳ್ಳುವಾಗ ಇದನ್ನೂ ಸೇರಿಸಿ ಲೆಕ್ಕ ಹಾಕಿ.

ದೆಹಲಿ ಗಾಡಿ ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳಬಹುದಾ?

ದೆಹಲಿ ಸುತ್ತಮುತ್ತ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಗಾಡಿಗಳು ಬರುತ್ತಿವೆ. ಗಾಡಿ ಚೆನ್ನಾಗಿರಬಹುದು. ಆದರೆ ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ಕೆಎ ನಂಬರ್, ಓಡಾಟ ಎಲ್ಲ ಸೇರಿಸಿದರೆ ಉಳಿತಾಯ ಅಷ್ಟೇನೂ ಉಳಿಯುವುದಿಲ್ಲ. ಲೋಡ್ ಗಾಡಿಗೆ ನಾನು ಬೇಡ ಅನ್ನುತ್ತೇನೆ. ಹಳೇ ಓನರ್‌ನ ಅಂಗಡಿ ಎದುರು ನಿಂತು "ಏನು ಸಾಗಿಸುತ್ತಿದ್ದಿರಿ?" ಅಂತ ಕೇಳಲು ಆಗುವುದಿಲ್ಲವಲ್ಲ.

ಮನೆಯವರನ್ನು ಕೂರಿಸಿಕೊಂಡು ಹೋಗಲು ಈ ವ್ಯಾನುಗಳು ಸುರಕ್ಷಿತವೇ?

ನೇರವಾಗಿ ಹೇಳುತ್ತೇನೆ, ಹಳೇ ವ್ಯಾನುಗಳು ಅಷ್ಟು ಸುರಕ್ಷಿತ ಅಲ್ಲ. ಮುಂದೆ ಬಾನೆಟ್ ತುಂಬಾ ಗಿಡ್ಡ, ಡಿಕ್ಕಿಯಾದರೆ ಮೊದಲು ಕಾಲಿಗೇ ಪೆಟ್ಟು. 2016ರಲ್ಲಿ ಡಿಕ್ಕಿ ಪರೀಕ್ಷೆ ಮಾಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಈಕೋವನ್ನು ಪರೀಕ್ಷಿಸಿ ಸೊನ್ನೆ ಸ್ಟಾರ್ ಕೊಟ್ಟಿತ್ತು. 2019ರಿಂದ ಎಬಿಎಸ್ (ಗಕ್ಕನೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಮತ್ತು ಚಾಲಕನ ಏರ್‌ಬ್ಯಾಗ್ ಬಂದವು. ಅದಕ್ಕೇ ಮನೆಗೂ ಬಳಸುವವರು 2019ರ ನಂತರದ ಗಾಡಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಡಿ. ಮಕ್ಕಳು ಇದ್ದಾಗ ಹಿಂದೆ ಭಾರದ ಸಾಮಾನು ಬೇಡವೇ ಬೇಡ.

ಲೋಡ್ ಜೋಡಿಸುವುದರಲ್ಲಿ, ಘಾಟಿಯಲ್ಲಿ ಏನು ಗಮನಿಸಬೇಕು?

ಭಾರದ್ದು ಕೆಳಗೆ, ಹಿಂದಿನ ಆಕ್ಸಲ್‌ನ ಸ್ವಲ್ಪ ಮುಂದೆ. ಎಲ್ಲವನ್ನೂ ಹಿಂಬಾಗಿಲಿಗೆ ಒತ್ತಿ ಇಟ್ಟರೆ ಮುಂದಿನ ಚಕ್ರ ಹಗುರವಾಗುತ್ತೆ, ಸ್ಟೀರಿಂಗ್ ತೇಲಿದ ಹಾಗೆ ಆಗುತ್ತೆ. ಚಾಲಕನ ಬೆನ್ನ ಹಿಂದೆ ಗಟ್ಟಿ ಜಾಲರಿ ಇರಲಿ. ಗಕ್ಕನೆ ಬ್ರೇಕ್ ಹಾಕಿದಾಗ ಒಂದು ದೊಡ್ಡ ಬಾಣಲೆ ಮುಂದೆ ಹಾರಿ ಬಂದರೆ ಏನಾಗುತ್ತೆ ಅಂತ ಯೋಚಿಸಿ. ಪ್ರತಿ ಸಾಮಾನಿಗೂ ಹಗ್ಗ ಕಟ್ಟಿ, ಹತ್ತಿರದ ಊರಿಗಾದರೂ. ಈ ವ್ಯಾನುಗಳಲ್ಲಿ ಹಿಂದಿನ ಚಕ್ರಕ್ಕೆ ಎಳೆತ. ಹಾಗಾಗಿ ಮಳೆಯಲ್ಲಿ ಖಾಲಿ ಗಾಡಿಯ ಹಿಂಭಾಗ ಜಾರುತ್ತೆ, ತಿರುವಿನಲ್ಲಿ ನಿಧಾನ ಇರಲಿ.

ಒಮ್ಮೆ ಧರ್ಮಸ್ಥಳದ ಹತ್ತಿರದ ಮದುವೆಗೆ ಪಾತ್ರೆ ತುಂಬಿಕೊಂಡು ಶಿರಾಡಿ ಇಳಿಯುತ್ತಿದ್ದೆ. ನಾಲ್ಕನೇ ಗೇರಿನಲ್ಲೇ ಬ್ರೇಕ್ ಒತ್ತುತ್ತಾ ಬಂದೆ. ಅರ್ಧ ದಾರಿಯಲ್ಲಿ ಪೆಡಲ್ ಮೆತ್ತಗಾಯಿತು. ಒತ್ತಿದರೂ ಗಾಡಿ ಹಿಡಿಯುತ್ತಿಲ್ಲ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪ ಎಳೆದು, ಅಗಲವಾದ ಜಾಗ ನೋಡಿ ನಿಲ್ಲಿಸಿದೆ. ಇಳಿದರೆ ಚಕ್ರದಿಂದ ಸುಟ್ಟ ವಾಸನೆ, ಡ್ರಮ್ ಹತ್ತಿರ ಕೈ ಒಯ್ಯಲು ಆಗದಷ್ಟು ಬಿಸಿ. ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆ. ಬ್ರೇಕ್ ಕೆಟ್ಟಿರಲಿಲ್ಲ, ಕಾದಿತ್ತು ಅಷ್ಟೇ. ಲೋಡ್ ಇದ್ದರೆ ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ. ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಗಾಡಿ ಮನೆಗೆ ಬಂತು. ಮೊದಲ ವಾರ ಏನು ಮಾಡಿಸಬೇಕು?

ಕೊಳ್ಳುವ ದುಡ್ಡಿನಲ್ಲೇ ಹತ್ತರಲ್ಲಿ ಒಂದು ಭಾಗ ರಿಪೇರಿಗೆ ಅಂತ ಮೊದಲೇ ತೆಗೆದಿಡಿ. ಎಂಜಿನ್ ಆಯಿಲ್, ಫಿಲ್ಟರ್, ಗೇರ್ ಬಾಕ್ಸ್ ಮತ್ತು ಹೌಸಿಂಗ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಬದಲಾಯಿಸಿ. ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕ್ ಶೂ, ವೀಲ್ ಸಿಲಿಂಡರ್, ಬೇರಿಂಗ್ ನೋಡಿಸಿ. ನೀವೂ ಪಕ್ಕದಲ್ಲೇ ನಿಂತು ನೋಡಿ. ಓಮ್ನಿ, ಈಕೋ ಆದರೆ ರೇಡಿಯೇಟರ್ ಹೋಸ್‌ಗಳನ್ನೂ ಬದಲಾಯಿಸಿ. ಎಂಜಿನ್ ಸೀಟಿನ ಕೆಳಗಿರುವುದರಿಂದ ಬಿಸಿ ಏರಿದ್ದು ಸೀಟಿಗೆ ತಾಗುವವರೆಗೂ ಕೆಲವರಿಗೆ ಗೊತ್ತಾಗುವುದೇ ಇಲ್ಲ. ಟೆಂಪರೇಚರ್ ಮುಳ್ಳು ಕೆಲಸ ಮಾಡುತ್ತಾ ಅಂತ ಅದೇ ದಿನ ಪರೀಕ್ಷಿಸಿ. ಜಾಕಿ, ವೀಲ್ ಸ್ಪ್ಯಾನರ್, ಚಕ್ರಕ್ಕೆ ಇಡಲು ಎರಡು ಮರದ ತುಂಡು ಗಾಡಿಯಲ್ಲಿ ಇಡಿ. ಒಂದು ಸಲ ಮನೆ ಮುಂದೆ ಸ್ಟೆಪ್ನಿ ನೀವೇ ಬದಲಾಯಿಸಿ ನೋಡಿ. ಹಳೇ ಗಾಡಿಯಲ್ಲಿ ನಟ್ ಹಿಡಿದುಕೊಂಡಿರುತ್ತೆ. ಅದು ಬಿಚ್ಚುವುದಿಲ್ಲ ಅಂತ ಮನೆ ಮುಂದೆಯೇ ಗೊತ್ತಾಗಲಿ, ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಲೋಡ್ ಹೊತ್ತು ನಿಂತಾಗ ಬೇಡ.